ಕಾರ್ಬುರೇಟರ್ ತಿರುಗಿಸುವ ಮೊದಲು ಸೀಲ್ ನೋಡಿ

ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಹಳೆಯ ಟೂ ಸ್ಟ್ರೋಕ್ ಸ್ಕೂಟರ್‌ಗಳದ್ದೇ ಕೆಲಸ. ಬಜಾಜ್ ಚೇತಕ್ ತಯಾರಾಗುತ್ತಿದ್ದ ಆಕುರ್ಡಿ ಇಲ್ಲೇ ಹತ್ತಿರ. 1972ರಲ್ಲಿ ಶುರುವಾದ ಗಾಡಿ ಅದು. ಟೂ ಸ್ಟ್ರೋಕ್ ಚೇತಕ್ ನಿಂತು ಎಷ್ಟೋ ಕಾಲವಾಯಿತು. ಆದರೂ ಈ ಭಾಗದ ಸೊಸೈಟಿಗಳ ಪಾರ್ಕಿಂಗ್‌ನಲ್ಲಿ ಹುಡುಕಿದರೆ ಧೂಳು ಹಿಡಿದ ಒಂದಾದರೂ ಸಿಗುತ್ತದೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ನೆಲೆಯಾದ ನಮ್ಮವರ ಮನೆಗಳಲ್ಲೂ ಬೇಕಾದಷ್ಟಿವೆ. ಅಪ್ಪ ಓಡಿಸಿದ ಗಾಡಿ, ಮಾರಲು ಮನಸ್ಸು ಬರುವುದಿಲ್ಲ. ಈಗ ಮಕ್ಕಳು ಅದನ್ನು ಮನೆಯಲ್ಲೇ ಬಿಚ್ಚಿ ಇಂಜಿನ್ ಕಟ್ಟಲು ಹೊರಟಿದ್ದಾರೆ. ಇದು ಒಳ್ಳೆಯ ಕೆಲಸ. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಚೈನ್ ಇಲ್ಲ. ತಾಳ್ಮೆ ಇದ್ದವರು ಖಂಡಿತ ಮಾಡಬಹುದು.

ಆದರೆ ಹೀಗೆ ಮನೆಯಲ್ಲಿ ಕಟ್ಟಿದ ಇಂಜಿನ್‌ಗಳಲ್ಲಿ ಎಷ್ಟೋ ನನ್ನ ಬೆಂಚಿಗೆ ಬರುತ್ತವೆ. ಬಹುತೇಕ ಎಲ್ಲದರದ್ದೂ ಒಂದೇ ದೂರು. ಹೊಸ ಪಿಸ್ಟನ್, ಹೊಸ ರಿಂಗ್, ಬೋರಿಂಗ್ (ಸವೆದ ಸಿಲಿಂಡರ್ ಕೊರೆದು ಸಮ ಮಾಡುವುದು) ಎಲ್ಲ ಆಗಿದೆ. ಆದರೂ ಟ್ಯೂನಿಂಗ್ ಕೂರುತ್ತಿಲ್ಲ. ಒಂದು ದಿನ ಸರಿ ಇರುತ್ತದೆ, ಮರುದಿನ ಆಕ್ಸಿಲರೇಟರ್ ಬಿಟ್ಟರೂ ರೇಸ್ ಕೆಳಗೆ ಇಳಿಯುವುದಿಲ್ಲ. ಕಾರ್ಬುರೇಟರ್‌ನ ಸ್ಕ್ರೂ ತಿರುಗಿಸಿ ತಿರುಗಿಸಿ ಅದರ ತಲೆಯೇ ಸವೆದುಹೋಗಿರುತ್ತದೆ.

ಕಳೆದ ಮಳೆಗಾಲದ ನಂತರ ನಿಗಡಿಯಿಂದ ಒಬ್ಬ ಕಾಕಾ ಬಂದರು. ವಿಜಯಪುರದ ಕಡೆಯವರು, ರಿಟೈರ್ ಆಗಿದ್ದಾರೆ. ಮಗ ಇಂಜಿನ್ ಕಟ್ಟಿದ್ದ. ಸಾತಾರಾ ಕಡೆ ಹೊರಟವನಿಗೆ ಕಾತ್ರಜ್ ಘಾಟ್ ಹತ್ತುವಾಗ ಪಿಸ್ಟನ್ ಜಾಮ್ ಆಗಿತ್ತು. ಬೋರಿಂಗ್ ಮಾಡಿದವನದ್ದೇ ತಪ್ಪು ಅಂತ ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಬ್ಲಾಕ್, ಅಂದರೆ ಸಿಲಿಂಡರ್, ತೆಗೆದು ಅಳತೆ ನೋಡಿದೆ. ಬೋರಿಂಗ್ ಚೆನ್ನಾಗಿಯೇ ಇತ್ತು. ಕಿಡಿ ಕೊಡುವ ಪ್ಲಗ್‌ನ ತುದಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಕಾಕಾ, ಕ್ರ್ಯಾಂಕ್‌ನ ಆಯಿಲ್ ಸೀಲ್ ಬದಲಿಸಿದ್ದೀರೇನು?" ಅಂತ ಕೇಳಿದೆ.

"ಅದೆಲ್ಲಿ ಇರ್ತದೋ ತಮ್ಮಾ? ಅವ ಮ್ಯಾಲಿನದಷ್ಟೇ ಬಿಚ್ಚ್ಯಾನ," ಅಂದರು.

ಕಿಡಿಗೆ ಕರೆಂಟ್ ಕೊಡುವ ಮ್ಯಾಗ್ನೆಟ್ ಬಿಚ್ಚಿ ನೋಡಿದರೆ ಅದರ ಹಿಂದಿನ ಸೀಲ್, ಅಂದರೆ ಶಾಫ್ಟ್ ಸುತ್ತ ಕೂರುವ ರಬ್ಬರ್ ಬಳೆ, ಕಲ್ಲಿನಷ್ಟು ಗಟ್ಟಿಯಾಗಿತ್ತು. ತುಟಿ ಒಡೆದು ಪಿಸ್ಟನ್ ತಿರುಗಿಸುವ ದಂಡಕ್ಕೆ, ಅಂದರೆ ಕ್ರ್ಯಾಂಕ್ ಶಾಫ್ಟ್‌ಗೆ, ತಾಗುತ್ತಲೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೋರ್ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಇರುವ ಜಾಗ ಬರೀ ಆಯಿಲ್ ಓಡಾಡುವ ಜಾಗ. ಟೂ ಸ್ಟ್ರೋಕ್‌ನಲ್ಲಿ ಹಾಗಲ್ಲ. ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲ್ ಮತ್ತು ಗಾಳಿ ಮೊದಲು ಬರುವುದು ಅದರ ಕೆಳಗಿನ ಈ ಕೋಣೆಗೆ. ಪಿಸ್ಟನ್ ಇಳಿದಾಗ ಅಲ್ಲಿಂದಲೇ ಒತ್ತಿಕೊಂಡು ಪೋರ್ಟ್‌ಗಳ ಮೂಲಕ ಮೇಲಕ್ಕೆ ಹೋಗುತ್ತದೆ. ಅಂದರೆ ಕ್ರ್ಯಾಂಕ್ ಕೋಣೆಯೇ ಒಂದು ಪಂಪ್. ಅದರಲ್ಲಿ ಎಲ್ಲೇ ತೂತಿದ್ದರೂ ಕಾರ್ಬುರೇಟರ್ ಲೆಕ್ಕ ಹಾಕಿ ಕೊಟ್ಟ ಪೆಟ್ರೋಲಿಗೆ ಲೆಕ್ಕವಿಲ್ಲದ ಗಾಳಿ ಸೇರುತ್ತದೆ. ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಬಿಸಿಯಾಗುತ್ತದೆ. ಅಷ್ಟೇ ಅಲ್ಲ, ಇಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ. ಪೆಟ್ರೋಲಿನ ಪಾಲು ಕಡಿಮೆಯಾದರೆ ಆಯಿಲ್ ಪಾಲೂ ಕಡಿಮೆ. ಘಾಟ್ ಹತ್ತುವಾಗ ಲೋಡ್ ಜಾಸ್ತಿ, ವೇಗ ಕಡಿಮೆ. ಹೊಸ ಪಿಸ್ಟನ್ ಅಲ್ಲೇ ಹಿಡಿಯುತ್ತದೆ.

ಸೀಲ್ ಎರಡು ಕಡೆ ಇದೆ, ಎರಡರ ಲಕ್ಷಣವೂ ಬೇರೆ ಬೇರೆ. ಮ್ಯಾಗ್ನೆಟ್ ಕಡೆಯದು ಹೋದರೆ ಬರೀ ಗಾಳಿ ಎಳೆಯುತ್ತದೆ. ರೇಸ್ ಇಳಿಯದೆ ನಿಲ್ಲುವುದು, ಬಿಸಿಯಾದ ಮೇಲೆ ಐಡಲ್ ಏರುವುದು, ಪ್ಲಗ್ ಬೆಳ್ಳಗಾಗುವುದು ಇದರಿಂದ. ಕ್ಲಚ್ ಕಡೆಯದು ಹೋದರೆ ಗೇರ್ ಬಾಕ್ಸ್ ಆಯಿಲನ್ನೇ ಒಳಗೆ ಎಳೆದುಕೊಳ್ಳುತ್ತದೆ. ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಪ್ಲಗ್ ಒದ್ದೆಯಾಗಿರುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತದೆ. ಆ ಬಾಕ್ಸ್‌ನಲ್ಲಿ ಇರುವುದೇ ಸುಮಾರು 250 ಮಿ.ಲೀ. ಹಾಗಾಗಿ ಸ್ವಲ್ಪ ಹೋದರೂ ಗೊತ್ತಾಗುತ್ತದೆ. ಬಹಳ ಜನ ಈ ಹೊಗೆ ನೋಡಿ "ಟೂಟಿ ಆಯಿಲ್ ಜಾಸ್ತಿ ಆಯಿತು" ಅಂತ ಪೆಟ್ರೋಲಿಗೆ ಹಾಕುವ ಆಯಿಲನ್ನೇ ಕಡಿಮೆ ಮಾಡುತ್ತಾರೆ. ಅದು ತುಂಬಾ ಅಪಾಯ. ದಯವಿಟ್ಟು ಮಾಡಬೇಡಿ.

ಸೋರಿಕೆ ಹುಡುಕುವ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಇದೊಂದನ್ನು ಕಲಿತರೆ ಸಾಕು, ಅರ್ಧ ಅಲೆದಾಟ ತಪ್ಪುತ್ತದೆ. ಸೈಲೆನ್ಸರ್ ಕೂರುವ ಪೋರ್ಟ್‌ಗೂ ಕಾರ್ಬುರೇಟರ್ ಕೂರುವ ಬಾಯಿಗೂ ಹಳೆಯ ಟ್ಯೂಬಿನ ರಬ್ಬರ್ ಇಟ್ಟು, ಮೇಲೆ ತಗಡಿನ ಪಟ್ಟಿ ಬಿಗಿಯಿರಿ. ಒಂದು ಪಟ್ಟಿಗೆ ಸಣ್ಣ ನಳಿಕೆ ಕೂರಿಸಿ. ಆ ನಳಿಕೆಗೆ ಬಿಪಿ ನೋಡುವ ಯಂತ್ರದ ರಬ್ಬರ್ ಬಲ್ಬ್ ಮತ್ತು ಡಯಲ್ ಜೋಡಿಸಿ. ಡಯಲ್‌ನಲ್ಲಿ 300 ಬರುವವರೆಗೆ ಒತ್ತಿದರೆ ಸುಮಾರು 0.4 ಬಾರ್ ಆಯಿತು. ಈ ಇಂಜಿನ್‌ಗೆ ಅಷ್ಟು ಸಾಕು. ಅದಕ್ಕಿಂತ ಜಾಸ್ತಿ ಕೊಟ್ಟರೆ ಒಳ್ಳೆಯ ಸೀಲೇ ಜಾಗ ಬಿಟ್ಟು ಬರುತ್ತದೆ. ಕಂಪ್ರೆಸರ್ ಹಚ್ಚಲೇಬೇಡಿ. ಮುಳ್ಳು ಕೆಲವು ನಿಮಿಷ ನಿಂತಲ್ಲೇ ನಿಂತರೆ ಇಂಜಿನ್ ಬಿಗಿಯಾಗಿದೆ. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಹೆಡ್, ಬ್ಲಾಕ್‌ನ ಬುಡ, ಕೇಸಿಂಗ್ ಜೋಡಿಸಿದ ಗೆರೆ, ಮ್ಯಾಗ್ನೆಟ್ ಕಡೆಯ ಸೀಲ್. ಗೇರ್ ಆಯಿಲ್ ಹಾಕುವ ತೂತಿನಲ್ಲಿ ಗಾಳಿ ಬಂದರೆ ಕ್ಲಚ್ ಕಡೆಯ ಸೀಲ್ ಹೋಗಿದೆ ಅಂತ ಅರ್ಥ.

ಕಾಕಾನ ಗಾಡಿಯಲ್ಲಿ ಸೀಲ್ ಜೊತೆ ಬ್ಲಾಕ್‌ನ ಬುಡದಲ್ಲೂ ಗುಳ್ಳೆ ಎದ್ದಿತು. ಕೇಸಿಂಗ್‌ನ ಗ್ಯಾಸ್ಕೆಟ್ ಬ್ಲಾಕ್ ಕೂರುವ ಜಾಗದಲ್ಲಿ ಕೂದಲಷ್ಟು ತಗ್ಗಿತ್ತು. ಕೇಸಿಂಗ್ ಜೋಡಿಸುವಾಗ ಆ ಗ್ಯಾಸ್ಕೆಟ್ ಸ್ವಲ್ಪ ಹೊರಗೆ ಚಾಚಿರಬೇಕು. ಆಮೇಲೆ ಬ್ಲೇಡಿನಿಂದ ಸಮ ಕತ್ತರಿಸಬೇಕು.

ಈಗ ಸೀಲ್ ಇಷ್ಟು ಬೇಗ ಹೋಗುವುದಕ್ಕೆ ಒಂದು ಕಾರಣ ಇದೆ. ಪಂಪ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಈಗ ಶೇ. 20ರಷ್ಟು ಎಥನಾಲ್. ಹಳೆಯ ಕಾಲದ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಕೆಲವು ಗಟ್ಟಿಯಾಗುತ್ತವೆ, ಕೆಲವು ಉಬ್ಬುತ್ತವೆ. ಪುಣೆಯಲ್ಲಿ ಬುಧವಾರ, ಭಾನುವಾರ ಸೇರುವ ಜುನಾ ಬಜಾರ್‌ನಲ್ಲಿ ಹಳೆಯ ಸ್ಟಾಕಿನ ಪಾರ್ಟ್ಸ್ ಸಿಗುತ್ತವೆ. ಕಬ್ಬಿಣದ ಸಾಮಾನು ಧಾರಾಳ ತೆಗೆದುಕೊಳ್ಳಿ, ಆದರೆ ರಬ್ಬರ್ ಬೇಡ. ಸೀಲನ್ನು ನಾನಾ ಪೇಠದ ಅಂಗಡಿಗಳಲ್ಲಿ ವೈಟಾನ್ ರಬ್ಬರಿನದ್ದೇ ಕೇಳಿ. ನಾಲ್ಕು ಕಾಸು ಜಾಸ್ತಿ ಆಗಲಿ, ಅಲ್ವಾ? ಇಂಜಿನ್ ಪೂರ್ತಿ ಬಿಚ್ಚುವ ಶ್ರಮಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ಎಥನಾಲ್ ಮಿಶ್ರಣವನ್ನೂ ತೆಳು ಮಾಡುತ್ತದೆ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲ್‌ಗೆ ಸುಮಾರು 9 ಕೆಜಿ ಸಾಕು. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಅದೇ ತೂತಿನಿಂದ, ಅಂದರೆ ಜೆಟ್ಟಿನಿಂದ, ಅಷ್ಟೇ ಇಂಧನ ಬಂದರೆ ಗಾಳಿ ಜಾಸ್ತಿಯಾದಂತೆ. ಅದಕ್ಕೆ ನಾನು ಈಗ ಮೇನ್ ಜೆಟ್ ಒಂದು ಮೆಟ್ಟಿಲು ದೊಡ್ಡದು ಹಾಕಿ ನೋಡುತ್ತೇನೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ಸರಿ ಹೊಂದಿಸಿದ ಗಾಡಿ ಖಂಡಾಲಾ ಘಾಟ್ ಇಳಿದು ಮುಂಬೈ ಕಡೆ ಹೋದರೆ ಅಲ್ಲಿ ಗಾಳಿ ಇನ್ನೂ ದಟ್ಟ. ಆಗ ಮಿಶ್ರಣ ಮತ್ತಷ್ಟು ತೆಳು. ದೂರ ಹೋಗುವವರಿದ್ದರೆ ಮೊದಲೇ ಹೇಳಿ, ಅದಕ್ಕೆ ತಕ್ಕ ಜೆಟ್ ಹಾಕಬಹುದು. ಇಳಿಜಾರಿನಲ್ಲಿ ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡೇ ಇಳಿಯಬೇಡಿ. ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಬರುವುದಿಲ್ಲ, ಆಯಿಲ್ಲೂ ಬರುವುದಿಲ್ಲ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಡಿ.

ಇನ್ನು ಬೋರಿಂಗ್ ವಿಷಯ. ಚೇತಕ್‌ನ ಬೋರ್ 57 ಮಿ.ಮೀ, ಸ್ಟ್ರೋಕೂ 57 ಮಿ.ಮೀ. ಅದರಿಂದಲೇ 145 ಸಿಸಿ. ಓವರ್‌ಸೈಜ್ ಪಿಸ್ಟನ್ 0.25 ಮಿ.ಮೀ ಮೆಟ್ಟಿಲಲ್ಲಿ ಸಿಗುತ್ತವೆ. ಪಿಸ್ಟನ್ ಮೊದಲು ತೆಗೆದುಕೊಳ್ಳಿ, ಅದನ್ನೇ ಬೋರಿಂಗ್ ಅಂಗಡಿಗೆ ಒಯ್ದು ಅದರ ಅಳತೆಗೆ ಬೋರ್ ಮಾಡಿಸಿ. ವಾಪಸ್ ಬಂದ ಮೇಲೆ ಪೋರ್ಟ್‌ಗಳ ಅಂಚನ್ನು ಬೆರಳಿನಿಂದ ಸವರಿ ನೋಡಿ. ಚೂಪಾಗಿದ್ದರೆ ನಯವಾಗಿ ಉಜ್ಜಿ ಆ ಚೂಪು ತೆಗೆಯಬೇಕು, ಇಲ್ಲದಿದ್ದರೆ ರಿಂಗ್ ಅಲ್ಲಿ ಸಿಕ್ಕಿ ತುಂಡಾಗುತ್ತದೆ. ರಿಂಗಿನ ಬಾಯಿ ಪಿಸ್ಟನ್‌ನ ತೋಡಿನಲ್ಲಿರುವ ಸಣ್ಣ ಪಿನ್ನಿಗೇ ಕೂರಬೇಕು. ಪಿಸ್ಟನ್ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗೆ ಇರಬೇಕು. ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಪ್ರತಿ ಸಲ ಹೊಸದು. ಅದನ್ನು ಹಾಕುವಾಗ ಕ್ರ್ಯಾಂಕ್ ಕೋಣೆಯ ಬಾಯಿಗೆ ಬಟ್ಟೆ ತುರುಕಿಡಿ.

ಕಿಡಿಯನ್ನು ಕಾರ್ಬುರೇಟರ್‌ಗಿಂತ ಮೊದಲು ಸರಿಮಾಡಿ. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸಣ್ಣ ಸ್ವಿಚ್) ಗ್ಯಾಪ್ ಸುಮಾರು 0.4 ಮಿ.ಮೀ, ಪ್ಲಗ್ ಗ್ಯಾಪ್ ಸುಮಾರು 0.6. ಪಾಯಿಂಟ್ ಗ್ಯಾಪ್ ಬದಲಾದರೆ ಕಿಡಿ ಬೀಳುವ ಹೊತ್ತು, ಅಂದರೆ ಟೈಮಿಂಗ್, ತಾನಾಗಿಯೇ ಬದಲಾಗುತ್ತದೆ. ಹಾಗಾಗಿ ಗ್ಯಾಪ್ ಇಟ್ಟ ಮೇಲೆಯೇ ಟೈಮಿಂಗ್ ನೋಡಬೇಕು. ಮ್ಯಾಗ್ನೆಟ್ ಒಳಗಿನ ಅರ್ಧಚಂದ್ರದ ಕೀ ಜಜ್ಜಿದ್ದರೆ ಗುರುತುಗಳು ಸುಳ್ಳು ಹೇಳುತ್ತವೆ, ಅದನ್ನು ತೆಗೆದು ಕಣ್ಣಾರೆ ನೋಡಿ.

ಆಯಿಲ್ ಲೀಟರಿಗೆ 20 ಮಿ.ಲೀ. ಸಾಕು, ಒಳ್ಳೆಯ ಟೂಟಿ ಆಯಿಲ್ ಆದರೆ. ಸುಮ್ನೆ ಭಯಕ್ಕೆ ದುಪ್ಪಟ್ಟು ಹಾಕಿದರೆ ಅದೇ ಜೆಟ್ಟಿನಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. ಸೈಲೆನ್ಸರ್‌ನಲ್ಲಿ ಕಾರ್ಬನ್ ಕಟ್ಟುವುದು ಬೇರೆ. ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವವರು ಟ್ಯಾಂಕ್ ಮತ್ತು ಕಾರ್ಬುರೇಟರ್ ಖಾಲಿ ಮಾಡಿ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕೊನೆಗೆ ನೀರು ತಳದಲ್ಲಿ ನಿಲ್ಲುತ್ತದೆ.

ಇಷ್ಟೆಲ್ಲ ಆದ ಮೇಲೆ ಕಾರ್ಬುರೇಟರ್ ಮುಟ್ಟಿ. ಕಾಕಾನ ಗಾಡಿಗೆ ಎರಡೂ ಸೀಲ್, ಗ್ಯಾಸ್ಕೆಟ್, ಮುಂದಿನ ಓವರ್‌ಸೈಜ್ ಪಿಸ್ಟನ್ ಹಾಕಿ ಕಟ್ಟಿದೆವು. ಮಗನೇ ಪಕ್ಕದಲ್ಲಿ ಕೂತು ಪ್ರೆಶರ್ ಪರೀಕ್ಷೆ ಮಾಡಿದ. ಏರ್ ಸ್ಕ್ರೂ ಹೊಂದಿಸಲು ಆಮೇಲೆ ಸಮಯವೇ ಬೇಕಾಗಲಿಲ್ಲ. ರೇಸ್ ಬಿಟ್ಟ ತಕ್ಷಣ ಇಳಿದು ನಿಂತಿತು.

ಪರೀಕ್ಷೆಯ ತಗಡಿನ ಪಟ್ಟಿಗಳನ್ನು ಚೇತಕ್ ಮತ್ತು ಬಜಾಜ್ ಸೂಪರ್ ಎರಡಕ್ಕೂ ಕೂರುವ ಹಾಗೆ ಮಾಡಿಟ್ಟಿದ್ದೇನೆ. ನಮ್ಮ ಕಡೆಯವರು ಯಾರಾದರೂ ಮನೆಯಲ್ಲಿ ಇಂಜಿನ್ ಕಟ್ಟುತ್ತಿದ್ದರೆ ಗ್ಯಾರೇಜಿಗೆ ಬಂದು ಒಯ್ಯಿರಿ. ಕೆಲಸ ಮುಗಿದ ಮೇಲೆ ತಂದುಕೊಡಿ. ಬಲ್ಬ್ ಮತ್ತು ಡಯಲ್ ಮಾತ್ರ ನಿಮ್ಮದೇ ಇರಲಿ.