ಐದು ಸೀಸೆ, ಎರಡು ಕೈ

ಭಾನುವಾರ, 16 ನವೆಂಬರ್ 2025

ಬೆಳಿಗ್ಗೆ 7.10

ಇವತ್ತು ಎಲ್ಲಿಗೂ ಹೋಗುವುದಿಲ್ಲ ಅಂತ ನಿನ್ನೆಯೇ ತೀರ್ಮಾನ ಮಾಡಿದ್ದೆ. ಮೇಜಿನ ಮೇಲೆ ಐದು ಪುಟ್ಟ ಸೀಸೆಗಳಿವೆ. ಒಂದೊಂದರಲ್ಲೂ ಒಂದೊಂದು ಮಿಲಿಲೀಟರ್ ಸುಗಂಧದ ಎಣ್ಣೆ. ಬರ್ಗಮಾಟ್ (ಕಿತ್ತಳೆ ಜಾತಿಯ ಒಂದು ಹಣ್ಣಿನ ಸಿಪ್ಪೆಯ ಎಣ್ಣೆ), ಮಲ್ಲಿಗೆ, ಲಾವಂಚ, ಬಿಳಿ ಕಸ್ತೂರಿ, ಗಂಧ. ಇಡೀ ದಿನ ಇವನ್ನು ಮೈಮೇಲೆ ಇಟ್ಟುಕೊಂಡು ಏನೇನಾಗುತ್ತದೆ ಅಂತ ಬರೆಯುವುದಷ್ಟೇ ಕೆಲಸ.

ಯಾಕೆ ಬೇಕಿತ್ತು ಈ ಉಸಾಬರಿ ಅಂದ್ರೆ, ಹೋದ ತಿಂಗಳು ಒಂದು ಪೆಟ್ಟು ತಿಂದಿದ್ದೇನೆ. ಮುಚ್ಚಳ ತೆಗೆದು ಒಂದೇ ಸಲ ಮೂಸಿ, ಆಹಾ ಅಂದುಕೊಂಡು ದೊಡ್ಡ ಬಾಟಲಿಯನ್ನೇ ಕೊಂಡುಬಿಟ್ಟೆ. ಹಚ್ಚಿಕೊಂಡ ಮೇಲೆ ಅರ್ಧ ಗಂಟೆ ಚೆನ್ನಾಗಿತ್ತು. ಆಮೇಲೆ ಅದು ಪೆನ್ಸಿಲ್ ಹೆರೆದ ಹೊಟ್ಟಿನ ವಾಸನೆಗೆ ತಿರುಗಿತು. ಸೀಡರ್ ಮರದ ಎಣ್ಣೆ ಇರಬೇಕು, ಪೆನ್ಸಿಲ್ಲಿಗೂ ಆ ಮರ ಬಳಸುತ್ತಾರೆ. ಸಂಜೆಯವರೆಗೂ ಒಂದನೇ ಕ್ಲಾಸಿನ ಬೆಂಚಿನ ಮೇಲೆ ಕೂತ ಹಾಗಿತ್ತು. ಮಾರಿದವರನ್ನು ಬಯ್ಯುವ ಹಾಗಿಲ್ಲ. ನಾನು ಕೊಂಡಿದ್ದು ಎಂಟು ಗಂಟೆಯ ವಾಸನೆ, ನೋಡಿದ್ದು ಮೊದಲ ಎಂಟು ಸೆಕೆಂಡು.

ಅದಕ್ಕೇ ಇವತ್ತು ಸ್ವಲ್ಪ ಶಿಸ್ತು. ವಾಸನೆ ಇಲ್ಲದ ಸೋಪಿನಲ್ಲಿ ಸ್ನಾನ ಆಯಿತು. ಬಾಲ್‌ಪೆನ್ನಿನಲ್ಲಿ ಕೈಮೇಲೆ ನಂಬರು ಬರೆದುಕೊಂಡೆ, ದರ್ಜಿ ಬಟ್ಟೆಗೆ ಗುರುತು ಹಾಕಿದ ಹಾಗೆ. ಒಂದನೇ ನಂಬರು ಬರ್ಗಮಾಟ್, ಅದನ್ನು ತೋಳಿನ ಮೇಲ್ಭಾಗಕ್ಕೆ, ಬಟ್ಟೆ ಮುಚ್ಚುವ ಜಾಗಕ್ಕೆ ಹಚ್ಚಿದೆ. ಆ ಎಣ್ಣೆಯಲ್ಲಿ ಬರ್ಗಾಪ್ಟೆನ್ ಅಂತ ಒಂದು ಅಂಶ ಇರುತ್ತದೆ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕೆಂಪಾಗಿ, ಆಮೇಲೆ ಕಪ್ಪು ಕಲೆ ಉಳಿದುಬಿಡಬಹುದು. ಅದನ್ನು ತೆಗೆದು ಮಾರುವ ಎಣ್ಣೆಯೂ ಇದೆ. ನನ್ನ ಸೀಸೆಯ ಮೇಲೆ ಏನೂ ಬರೆದಿಲ್ಲ, ಹಾಗಾಗಿ ಹುಷಾರು.

ಮಲ್ಲಿಗೆ ಎಡ ಮೊಣಕೈಯ ಒಳಮಡಿಕೆಗೆ. ಲಾವಂಚ ಬಲ ಮಣಿಕಟ್ಟಿಗೆ. ಕಸ್ತೂರಿ ಎಡ ಮಣಿಕಟ್ಟಿಗೆ. ಗಂಧ ಮಾತ್ರ ಎರಡೂ ಮುಂಗೈಗೆ: ಬಲಗೈಯಲ್ಲಿ ಬರೀ ಚರ್ಮದ ಮೇಲೆ, ಎಡಗೈಯಲ್ಲಿ ತೆಳ್ಳಗೆ ವ್ಯಾಸಲೀನ್ ಸವರಿ ಅದರ ಮೇಲೆ. ಇದು ಬಹಳ ದಿನದಿಂದ ನೋಡಬೇಕು ಅಂದುಕೊಂಡಿದ್ದು. ಐದೂ ಎಣ್ಣೆಯನ್ನು ಒಂದೊಂದು ಕಾಗದದ ಪಟ್ಟಿಗೂ ಅದ್ದಿ ಕಿಟಕಿ ಹತ್ತಿರ ಇಟ್ಟೆ.

7.45

ಮೊದಲ ಸುತ್ತು. ಬರ್ಗಮಾಟ್ ಕೂಗಿಕೊಂಡೇ ಬಂತು. ಕಿತ್ತಳೆ ಸಿಪ್ಪೆ ಮಡಚಿದರೆ ಕಣ್ಣಿಗೆ ಹಾರುತ್ತದಲ್ಲ, ಆ ಚುರುಕು. ಹಿಂದೆಯೇ ಸ್ವಲ್ಪ ಕಹಿ. ಮಲ್ಲಿಗೆ ಇನ್ನೂ ಮುದ್ದೆಮುದ್ದೆ, ದಪ್ಪ ಸಿಹಿ, ಎಳೆ ಬಿಡಿಸಲು ಆಗುತ್ತಿಲ್ಲ. ಲಾವಂಚ ಅಂದ್ರೆ ಒದ್ದೆ ಮಣ್ಣು, ಬೇರು, ಎಲ್ಲೋ ಒಂದು ಚೂರು ಹೊಗೆ. ಗಂಧ ಬಾಯಿ ಬಿಡುತ್ತಿಲ್ಲ. ಕಸ್ತೂರಿಯಂತೂ ಇಲ್ಲವೇ ಇಲ್ಲ, ನೀರು ಹಚ್ಚಿಕೊಂಡ ಹಾಗಿದೆ. ನೋಟ್‌ಬುಕ್ಕಿನಲ್ಲಿ ನಾಲ್ಕನೇ ನಂಬರಿನ ಮುಂದೆ "ದಂಡ" ಅಂತ ಬರೆದೆ.

8.30

ಬರ್ಗಮಾಟ್ ಹೋಯಿತು. ಮುಕ್ಕಾಲು ಗಂಟೆ ಅಷ್ಟೇ. ತೋಳಿಗೆ ಮೂಗು ಒತ್ತಿದರೆ ಚಹಾ ಎಲೆಯಂಥ ಒಂದು ಒಣ ಕಹಿ ಉಳಿದಿದೆ, ಅದೂ ಹುಡುಕಿದರೆ. ಮಜಾ ಅಂದ್ರೆ ಕಿಟಕಿಯ ಕಾಗದದ ಮೇಲೆ ಇನ್ನೂ ಸಿಪ್ಪೆ ವಾಸನೆ ಇದೆ. ಕಾಗದ ತಣ್ಣಗಿದೆ. ನನ್ನ ಚರ್ಮ 32, 33 ಡಿಗ್ರಿ ಬಿಸಿ ಇರುವ ಒಂದು ಹಂಚು. ಕಾಗದದ ಮೇಲೆ ಮೂಸಿ ಕೊಳ್ಳುವವರಿಗೆ ಮೋಸ ಆಗುವುದು ಇಲ್ಲೇ.

ಸಿಪ್ಪೆಯ ಎಣ್ಣೆಗಳಲ್ಲಿ ಜಾಸ್ತಿ ಇರುವುದು ಲಿಮೊನೀನ್. ಅದರ ಅಣುತೂಕ 136. ಗಂಧದೆಣ್ಣೆಯ ಸ್ಯಾಂಟಲಾಲ್ 220. ಹಗುರವಾದದ್ದು ಬೇಗ ಹಾರುತ್ತದೆ, ಭಾರವಾದದ್ದು ಕೂತಿರುತ್ತದೆ. ವಿಲಿಯಂ ಪೌಚರ್ ಅಂತ ಒಬ್ಬ ಬ್ರಿಟಿಷ್ ಸುಗಂಧ ತಜ್ಞ 1955ರಲ್ಲಿ ಒಂದು ಪಟ್ಟಿ ಮಾಡಿದ್ದ. ಯಾವ ಪದಾರ್ಥ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದಕ್ಕೆ 1ರಿಂದ 100ರವರೆಗೆ ಅಂಕ. 14ರವರೆಗೆ ಟಾಪ್ ನೋಟ್, ಅಂದ್ರೆ ಮೊದಲು ಬಂದು ಮೊದಲೇ ಹೋಗುವ ವಾಸನೆ; 60ರವರೆಗೆ ಮಿಡಲ್, ಅದರ ಮೇಲಿನದ್ದು ಕೊನೆವರೆಗೂ ಕೂರುವ ಬೇಸ್. ಗಂಧ, ಪಚೋಲಿ ನೂರಕ್ಕೆ ನೂರು ತೆಗೆದುಕೊಂಡಿವೆ. ಬರ್ಗಮಾಟ್ ಕಡಿಮೆ ಅಂಕದ ಸಾಲಿನಲ್ಲಿದೆ. ಪಾಪ, ಅದರ ಕೆಲಸವೇ ಅಷ್ಟು, ಬಾಗಿಲು ತೆಗೆದು ಹೋಗುವುದು.

9.50

ಮಲ್ಲಿಗೆಯ ವಿಚಾರ ಕೆಟ್ಟಿದೆ.

ಎರಡು ದಿನಕ್ಕೆ ಅಂತ ಬಂದಿರುವ ಅಕ್ಕ ಬಾಗಿಲಲ್ಲಿ ನಿಂತು, "ಏನೇ ಇದು, ಯಾವ ಟ್ರಂಕ್ ತೆಗೆದೆ?" ಅಂದಳು.

"ಟ್ರಂಕ್ ಅಲ್ಲ ಅಕ್ಕ, ಮಲ್ಲಿಗೆ."

"ಮಲ್ಲಿಗೆ ಅಂತೆ! ನುಸಿಗುಳಿಗೆ ಕಣೇ ಇದು."

ಅವಳು ಹೇಳಿದ್ದು ಸರಿ. ಬೆಳಿಗ್ಗೆ ದಪ್ಪ ಸಿಹಿ ಇದ್ದ ಜಾಗದಲ್ಲಿ ಈಗ ಅಲಮಾರಿ ತಳದ ಘಾಟು. ಇದಕ್ಕೆ ಕಾರಣ ಇಂಡೋಲ್. ಹೂವಿನಲ್ಲೇ ಇರುವಂಥದ್ದು, ಯಾರೋ ಬೆರೆಸಿದ ಕಲಬೆರಕೆ ಏನಲ್ಲ. ಮಲದಲ್ಲೂ ಇರುತ್ತದೆ, ಹೇಳಲು ಮುಜುಗರ, ಆದರೆ ನಿಜ. ಗಾಢವಾಗಿದ್ದರೆ ಮೂಗು ಮುಚ್ಚಿಕೊಳ್ಳಬೇಕು. ಒಂದು ಚೂರು ಇದ್ದರೆ ಹೂವು ಹೂವಾಗುತ್ತದೆ, ಅದೂ ಇಲ್ಲದಿದ್ದರೆ ಮಲ್ಲಿಗೆ ಬರೀ ಸೋಪು. ಹಚ್ಚಿದ ಹೊಸದರಲ್ಲಿ ಬೆಂಜೈಲ್ ಅಸಿಟೇಟ್ ಅನ್ನುವ ತಿಳಿ ಸಿಹಿ ಇದನ್ನು ಮುಚ್ಚಿಟ್ಟಿರುತ್ತದೆ. ಅದು ಹಾರಿಹೋದ ಕೂಡಲೇ ಇಂಡೋಲ್ ಒಂದೇ ನಿಂತುಬಿಡುತ್ತದೆ.

ಇಲ್ಲೊಂದು ತಮಾಷೆ ಗಮನಿಸಿದೆ. ಇಂಡೋಲ್‌ನ ಅಣುತೂಕ 117, ಲಿಮೊನೀನ್‌ಗಿಂತ ಹಗುರ. ಆದರೂ ಗಟ್ಟಿಯಾಗಿ ಕೂರುತ್ತದೆ. ಲಿಮೊನೀನ್ ಕುದಿಯುವುದು 176 ಡಿಗ್ರಿಗೆ, ಇಂಡೋಲ್ 254ಕ್ಕೆ. ಒಂದು ಗಂಟೆ ಹಿಂದೆ ಜಂಬದಿಂದ ಬರೆದ ಹಗುರ-ಭಾರದ ಲೆಕ್ಕ ಇಲ್ಲಿ ಕೈಕೊಟ್ಟಿತು. ಅಣುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ ಅನ್ನುವುದೂ ಲೆಕ್ಕಕ್ಕೆ ಬರಬೇಕು. ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ.

11.30

ಅಕ್ಕ ಎರಡು ಮಣಿಕಟ್ಟನ್ನೂ ಉಜ್ಜಿಕೋ ಅಂದಳು. ಬೇಡ ಅಂದೆ. ಉಜ್ಜಿದರೆ ಅಣುಗಳು ಒಡೆದುಹೋಗುತ್ತವೆ ಅಂತ ಕೆಲವರು ಹೇಳುತ್ತಾರೆ. ಅದೆಲ್ಲ ಸುಳ್ಳು, ಕೈ ಉಜ್ಜಿದರೆ ಒಡೆಯುವಷ್ಟು ಬಡಪಾಯಿ ಅಣು ಯಾವುದೂ ಇಲ್ಲ. ಬಿಸಿಯಾಗಿ, ಹರಡಿಕೊಂಡು, ಮೊದಲ ಪದರ ಬೇಗ ಹಾರುತ್ತದೆ ಅಷ್ಟೇ. ನನ್ನ ತಕರಾರು ಬೇರೆ: ಎಡ ಮಣಿಕಟ್ಟಿನಲ್ಲಿ ಕಸ್ತೂರಿ, ಬಲದಲ್ಲಿ ಲಾವಂಚ. ಉಜ್ಜಿದರೆ ಪರೀಕ್ಷೆಯೇ ಮುಗಿಯಿತು.

"ಸ್ಪ್ರೇ ಆದ್ರೆ ರೂಮೆಲ್ಲ ಘಮ್ ಅನ್ನುತ್ತೆ, ನಿನ್ನದು ಹತ್ತಿರ ಬಂದ್ರೇನೇ ಗೊತ್ತಾಗೋದು," ಅಂದಳು. ಹೌದು. ಸ್ಪ್ರೇಯಲ್ಲಿ ಆಲ್ಕೋಹಾಲ್ ಇರುತ್ತದೆ, ಅದು ಹಾರುವಾಗ ಸುವಾಸನೆಯನ್ನೂ ಎತ್ತಿ ಎಸೆಯುತ್ತದೆ. ಎಣ್ಣೆಗೆ ಆ ಅವಸರ ಇಲ್ಲ. ಮೈಗೆ ಅಂಟಿಕೊಂಡು, ಮೈಬಿಸಿಗೆ ಚೂರು ಚೂರೇ ಬಿಟ್ಟುಕೊಡುತ್ತದೆ. ಈ ಸೀಸೆಗಳಲ್ಲಿ ಸುವಾಸನೆಯನ್ನು ಹೊತ್ತಿರುವುದು ಹೊಹೊಬಾ, ಒಂದು ಗಿಡದ ಬೀಜದಿಂದ ತೆಗೆದದ್ದು. ಅದನ್ನು ಎಣ್ಣೆ ಅಂತ ಕರೆದರೂ ನಿಜವಾಗಿ ದ್ರವರೂಪದ ಮೇಣ. ಬೇಗ ಕಮಟುವುದಿಲ್ಲ, ಅದರದ್ದೇ ವಾಸನೆ ಅಂತಲೂ ಹೆಚ್ಚೇನಿಲ್ಲ.

1.20

ಮಲ್ಲಿಗೆ ವಾಪಸ್ ಬಂದಿದೆ!

ಬೆಳಗಿನ ಸಿಹಿಯೂ ಅಲ್ಲ, ಹತ್ತು ಗಂಟೆಯ ಟ್ರಂಕೂ ಅಲ್ಲ. ಮೊಣಕೈ ಮಡಚಿ ಬಿಡಿಸಿದರೆ ಬಿರಿದು ಸ್ವಲ್ಪ ಬಾಡಿದ ಹೂವಿನ ಕಂಪು ಬರುತ್ತದೆ. ಎಸಳಿನ ಅಂಚು ಕಂದಿರುತ್ತದಲ್ಲ, ಆ ಹೂವು. ನುಸಿಗುಳಿಗೆ ಒಳಗೇ ಇದೆ, ಆದರೆ ಈಗ ಅದು ಹೂವಿನ ಹಿಂದೆ ನಿಂತ ನೆರಳು. ನನಗೆ ಇಷ್ಟವಾದದ್ದೇ ಈ ನೆರಳು. ಬೆಳಿಗ್ಗೆ ಹತ್ತಕ್ಕೆ ತೊಳೆದುಕೊಂಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಅಕ್ಕನ ಮೂಗಿನ ಹತ್ತಿರ ಕೈ ಹಿಡಿದೆ. "ಪರವಾಗಿಲ್ಲ," ಅಂದಳು. ಅವಳ ಬಾಯಲ್ಲಿ ಪರವಾಗಿಲ್ಲ ಅಂದ್ರೆ ದೊಡ್ಡ ಸರ್ಟಿಫಿಕೇಟು.

ಈ ನೆರಳು ಬೇಡ ಅನ್ನುವವರಿಗೆ ಹೆಡಿಯೋನ್ ಇದೆ, ಮಲ್ಲಿಗೆಯಲ್ಲಿ ಕಂಡ ಒಂದು ಅಂಶದ ಜಾಡು ಹಿಡಿದು ಲ್ಯಾಬಿನಲ್ಲಿ ಮಾಡಿದ್ದು. 1966ರಲ್ಲಿ ಡಿಯೋರ್ ಕಂಪನಿಯ ಓ ಸೊವಾಜ್ ಅನ್ನುವ ಸೆಂಟಿನಲ್ಲಿ ಹಾಕಿದ ಮೇಲೆ ಅದು ಜಗತ್ತಿಗೆಲ್ಲ ಗೊತ್ತಾಯಿತು. ಗಾಳಿ ಆಡುವ, ತೊಳೆದಿಟ್ಟ ಮಲ್ಲಿಗೆ. ಚೆನ್ನಾಗಿದೆ. ನನಗೆ ಸ್ವಲ್ಪ ಸಪ್ಪೆ.

ಲಾವಂಚದ ಬಗ್ಗೆ ಬರೆಯಲು ಏನೂ ಇಲ್ಲ. ಬೆಳಿಗ್ಗೆ ಬೇರಾಗಿತ್ತು, ಈಗಲೂ ಬೇರು. ಹೊಗೆ ಇಳಿದು ಒಂಚೂರು ಹಸಿರಾಗಿದೆ. ಒಳ್ಳೆ ಮನುಷ್ಯ.

2.40

ಕಸ್ತೂರಿ. ಈ ಹೊತ್ತಿಗೆ ಅದನ್ನು ಮರೆತೇಬಿಟ್ಟಿದ್ದೆ. ಪುಸ್ತಕ ಕೊಡಲು ಎಡಗೈ ಚಾಚಿದೆ. ಅಕ್ಕ ಕೈ ಹಿಡಿದುಕೊಂಡು, "ಇದು ಯಾವುದೇ? ಇದು ಚೆನ್ನಾಗಿದೆ. ಬಿಸಿಲಲ್ಲಿ ಒಣಗಿದ ಬಟ್ಟೆ ಥರ," ಅಂದಳು.

"ಅದರಲ್ಲಿ ವಾಸನೆಯೇ ಇಲ್ಲವಲ್ಲ?"

"ಇಲ್ವಾ? ಬೆಳಿಗ್ಗೆಯಿಂದ ನಿನ್ನ ಪಕ್ಕ ಹಾದಾಗಲೆಲ್ಲ ಇದೇ ಬರ್ತಿದೆ."

ನೋಟ್‌ಬುಕ್ ತೆಗೆದು "ದಂಡ" ಅನ್ನುವುದರ ಮುಂದೆ ಪ್ರಶ್ನೆ ಚಿಹ್ನೆ ಹಾಕಿದೆ. ದಂಡ ಇರುವುದು ನನ್ನ ಮೂಗು. ಮನುಷ್ಯರಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಅನ್ನುವ ವಿಜ್ಞಾನಿಗಳು 1991ರಲ್ಲಿ ಈ ಗ್ರಾಹಕಗಳನ್ನು ರೂಪಿಸುವ ಜೀನುಗಳ ದೊಡ್ಡ ಕುಟುಂಬವನ್ನು ಪತ್ತೆ ಮಾಡಿದರು, 2004ರಲ್ಲಿ ನೊಬೆಲ್ ಬಂತು. ಆ ಜೀನುಗಳು ಒಬ್ಬರಲ್ಲಿದ್ದ ಹಾಗೆ ಇನ್ನೊಬ್ಬರಲ್ಲಿಲ್ಲ. ಹಾಗಾಗಿ ಒಂದೊಂದು ವಾಸನೆಗೆ ಒಬ್ಬೊಬ್ಬರು ಕುರುಡು, ಅದರಲ್ಲೂ ಕಸ್ತೂರಿ ಜಾತಿಯವಕ್ಕೆ. ಈಗ ಜಾಸ್ತಿ ಬಳಸುವ ಗ್ಯಾಲಾಕ್ಸೊಲೈಡ್ ಅನ್ನುವ ಕೃತಕ ಕಸ್ತೂರಿಯ ಅಣುತೂಕ 258. ದೊಡ್ಡ ಅಣು, ನಿಧಾನವಾಗಿ ಏಳುತ್ತದೆ. ನಿಜವಾದ ಕಸ್ತೂರಿಮೃಗಕ್ಕೂ ಈ ಸೀಸೆಗೂ ಸಂಬಂಧ ಇಲ್ಲ, ಸದ್ಯ. ಮೊದಲ ಕೃತಕ ಕಸ್ತೂರಿ ಹುಟ್ಟಿದ್ದು 1888ರಲ್ಲಿ, ಆಲ್ಬರ್ಟ್ ಬೌರ್ ಅನ್ನುವ ರಸಾಯನಶಾಸ್ತ್ರಜ್ಞ ಸಿಡಿಮದ್ದು ಹುಡುಕುತ್ತಿದ್ದಾಗ. ಹುಡುಕಿದ್ದು ಏನೋ, ಸಿಕ್ಕಿದ್ದು ಏನೋ.

ನನಗೆ ಯೋಚನೆ ಹತ್ತಿದ್ದು ಬೇರೆ. ಹಿಂದೆ ಎಷ್ಟು ಸಲ ವಾಸನೆ ಬರುತ್ತಿಲ್ಲ ಅಂತ ಮೇಲಿಂದ ಮೇಲೆ ಸುರಿದುಕೊಂಡು ಜನರ ಮಧ್ಯೆ ಹೋಗಿ ಕೂತಿದ್ದೇನೋ!

4.15

ಗಂಧದ ಪರೀಕ್ಷೆ. ಬಲಗೈ, ಬರೀ ಚರ್ಮ: ಮೂಗು ತಾಗಿಸಿದರೆ ಇದೆ, ಒಂದು ಇಂಚು ದೂರ ಹಿಡಿದರೆ ಇಲ್ಲ. ಎಡಗೈ, ವ್ಯಾಸಲೀನ್ ಸವರಿದ್ದು: ಕೈ ಎತ್ತಿದರೆ ಸಾಕು. ಬೆಳಿಗ್ಗೆ ಮಾತೇ ಆಡದಿದ್ದ ಎಣ್ಣೆ ಈಗ ನುಣ್ಣಗೆ, ಮರದ ತಿರುಳಿನ ಹಾಗೆ, ಸ್ವಲ್ಪ ಕೆನೆ ಕೆನೆ. ನನ್ನದು ಒಣ ಚರ್ಮ. ಉಗುರಿನಲ್ಲಿ ಗೀಚಿದರೆ ಬಿಳಿ ಗೆರೆ ಬೀಳುತ್ತದೆ. ಜಿಡ್ಡು ಇದ್ದ ಕಡೆ ಸುವಾಸನೆ ಅದರಲ್ಲಿ ಕರಗಿ ನಿಲ್ಲುತ್ತದೆ, ಒಣ ಕಡೆ ಹಿಡಿದುಕೊಳ್ಳಲು ಏನೂ ಇಲ್ಲ. ಒಂದೇ ಸೀಸೆ, ಒಂದೇ ಮೈ, ಆದರೂ ಎರಡು ಕೈಗೆ ಎರಡು ಕಥೆ. "ನನ್ನ ಮೈಗೆ ಇದು ಒಗ್ಗಲ್ಲ" ಅಂತ ನಾನು ಪಕ್ಕಕ್ಕೆ ಇಟ್ಟ ಎಷ್ಟೋ ಬಾಟಲಿಗಳು ಒಂದು ಬೆರಳು ವ್ಯಾಸಲೀನ್ ಇಲ್ಲದೆ ಕೆಟ್ಟವೋ ಏನೋ. ಎಲ್ಲಕ್ಕೂ ಚರ್ಮದ ಪಿಎಚ್ ಕಾರಣ ಅನ್ನುವ ಮಾತು ಬಹಳ ಕೇಳಿದ್ದೇನೆ. ನನಗೆ ಅಷ್ಟು ನಂಬಿಕೆ ಇಲ್ಲ. ಜಿಡ್ಡು, ಬಿಸಿ, ಬೆವರು, ಈ ಮೂರನ್ನು ಮೊದಲು ನೋಡಬೇಕು.

6.30

ಮಲ್ಲಿಗೆ ಸತ್ತಿತು ಅಂತ ಐದೂವರೆಗೆ ಬರೆದಿದ್ದೆ. ಆಮೇಲೆ ತಾರಸಿಗೆ ಹೋಗಿ ಇಪ್ಪತ್ತು ನಿಮಿಷ ಸುಮ್ನೆ ನಿಂತು ಬಂದೆ. ರೂಮಿಗೆ ಕಾಲಿಟ್ಟರೆ ಇಡೀ ರೂಮು ಮಲ್ಲಿಗೆ. ಅದು ಎಲ್ಲೂ ಹೋಗಿರಲಿಲ್ಲ, ನನ್ನ ಮೂಗು ಸುಸ್ತಾಗಿತ್ತು. ಐದೂವರೆಯ ಸಾಲನ್ನೂ ಹೊಡೆದುಹಾಕಲಿಲ್ಲ. ಈ ಪುಟದಲ್ಲಿ ಎಣ್ಣೆಯ ಬಗ್ಗೆ ಇರುವಷ್ಟೇ ನನ್ನ ಬಗ್ಗೆಯೂ ಇದೆ, ಇರಲಿ.

ರಾತ್ರಿ 10.50

ಪಾತ್ರೆ ತೊಳೆದು ನಂಬರುಗಳೆಲ್ಲ ಅಳಿಸಿಹೋಗಿವೆ. ಲಾವಂಚ ಇನ್ನೂ ಗಟ್ಟಿ. ಎಡ ಮುಂಗೈಯಲ್ಲಿ ಗಂಧ ಇದೆ, ಬಲದಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು. ಮಲ್ಲಿಗೆಯಿಂದ ಉಳಿದದ್ದು ಹೂವಲ್ಲ, ಬೆಚ್ಚಗಿನ ಚರ್ಮದ ವಾಸನೆ ಅಂತಲೇ ಹೇಳಬೇಕು.

ಎಡ ಮಣಿಕಟ್ಟನ್ನು ಮೂಗಿಗೆ ಹಿಡಿದೆ. ಏನೂ ಇಲ್ಲ. ಕೈ ಇಳಿಸಿ ದೀಪ ಆರಿಸಲು ಎದ್ದಾಗ ಒಣಗಿದ ಬಟ್ಟೆಯ ವಾಸನೆ ಒಂದು ಸುಳಿದು ಹೋಯಿತು. ತಕ್ಷಣ ಕೈ ಮತ್ತೆ ಮೂಗಿಗೆ ತಂದೆ. ಏನೂ ಇಲ್ಲ. ಕಸ್ತೂರಿಯೋ, ಹೊದಿಕೆಯೋ? ಕೇಳೋಣ ಅಂದ್ರೆ ಅಕ್ಕ ಆಗಲೇ ನಿದ್ದೆ ಹೋಗಿದ್ದಳು.