ಹಿಮದ ಮೇಲೆ ಚರಗ

ಎಳ್ಳ ಅಮಾವಾಸ್ಯೆ ಮನೆಯೊಳಗೆ ಕೂತು ಮಾಡುವ ಹಬ್ಬವಲ್ಲ. ನಮ್ಮ ಸಿಂದಗಿ ಕಡೆ ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿ, ತೆನೆ ಹಿರಿಯುತ್ತಿರುವ ಬಿಳಿಜೋಳದ ನಡುವೆ ಚರಗ, ಅಂದರೆ ಭೂಮಿತಾಯಿಗೆ ಹಬ್ಬದಡುಗೆಯ ಎಡೆ, ಚೆಲ್ಲುತ್ತಾರೆ. ಅಪ್ಪ ಮುಂದೆ ಮುಂದೆ ಚೆಲ್ಲುತ್ತಾ "ಹುಲ್ಲುಲ್ಲಿಗೋ" ಅನ್ನುತ್ತಿದ್ದ, ಅಣ್ಣ ಹಿಂದೆ ತಂಬಿಗೆಯ ನೀರು ಚಿಮುಕಿಸುತ್ತಾ "ಚಳ್ಳಂಬ್ರಿಗೋ" ಅನ್ನುತ್ತಿದ್ದ. ಊರಿಂದ ಊರಿಗೆ ಈ ಕೂಗು ಬೇರೆಯಾಗುತ್ತದೆ. ಆದರೆ ಕೂಗದೆ ಚರಗ ಚೆಲ್ಲಿದ್ದನ್ನು ನಾನು ಕಂಡಿಲ್ಲ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋಗೆ ಬಂದ ಮೇಲೆ ನಮ್ಮ ಹಬ್ಬಗಳೆಲ್ಲ ಶನಿವಾರಕ್ಕೆ ಸರಿದವು. 2022ರಲ್ಲಿ ಮಾತ್ರ ಅಮಾವಾಸ್ಯೆ ಡಿಸೆಂಬರ್ 23ರ ಶುಕ್ರವಾರ ಬಂದಿತ್ತು. ಕ್ರಿಸ್‌ಮಸ್ ರಜೆ, ಶಾಲೆಯ ಗೋಜಿಲ್ಲ. ಹಬ್ಬವನ್ನು ಹಬ್ಬದ ದಿನವೇ ಮಾಡಬಹುದೆಂದು ಉತ್ತರ ಕರ್ನಾಟಕದ ಆರು ಮನೆಯವರು ಸೇರಿ ಅಡುಗೆ ಹಂಚಿಕೊಂಡೆವು. ಶೇಂಗಾ ಹೋಳಿಗೆ ಒಬ್ಬರದು, ಎಣ್ಣೆಗಾಯಿ ಒಬ್ಬರದು, ಕಡುಬು ಇನ್ನೊಬ್ಬರದು. ನನ್ನ ಪಾಲಿಗೆ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿ. ಬುಧವಾರವೇ ಎಳ್ಳು ಹಚ್ಚಿ ಅರವತ್ತು ರೊಟ್ಟಿ ಬಡಿದು, ಒಣಗಿಸಿ ಕಟಕ ಮಾಡಿಟ್ಟಿದ್ದೆ. ಭಜ್ಜಿಗೆ ಹಸಿ ಕಡಲೆಯ ಸುಲಗಾಯಿ, ತೊಗರಿಕಾಯಿ, ಅವರೆ ಎಲ್ಲ ಫ್ರೀಜರಿನವು. ಹುಣಸೆ ಚಿಗುರು ಇಲ್ಲಿ ಎಲ್ಲಿ ಸಿಗಬೇಕು, ಹುಣಸೆಹಣ್ಣಿನ ರಸವೇ ಗತಿ.

ಬಿರುಗಾಳಿಯ ಸುದ್ದಿ ನಾಲ್ಕು ದಿನ ಮೊದಲೇ ಇತ್ತು. ಶುಕ್ರವಾರ ನಸುಕಿನಲ್ಲಿ ಎದ್ದಾಗ ಬರೀ ಮಳೆ. ಮಧ್ಯಾಹ್ನದೊಳಗೆ ಹೋಗಿ ಬಂದುಬಿಡೋಣ ಅಂದುಕೊಂಡೆವು. ನೋಡುತ್ತಿದ್ದಂತೆ ಮಳೆ ಹಿಮವಾಯಿತು, ಎದುರು ಮನೆ ಕಾಣದಾಯಿತು. 9.30ಕ್ಕೆ ನಮ್ಮ ಜಿಲ್ಲೆಯಾದ ಎರಿ ಕೌಂಟಿಯಲ್ಲಿ ವಾಹನ ಸಂಚಾರ ನಿಷೇಧಿಸಿದರು. ಎರಿ ಸರೋವರ ಆಗಿನ್ನೂ ಹೆಪ್ಪುಗಟ್ಟಿರಲಿಲ್ಲ. ಕೊರೆಯುವ ಗಾಳಿ ಆ ನೀರಿನ ಉದ್ದಕ್ಕೂ ಹಾದು, ಹಬೆ ಹೀರಿಕೊಂಡು ಬಂದು ಈ ತುದಿಯಲ್ಲಿರುವ ನಮ್ಮ ಮೇಲೆ ಹಿಮವಾಗಿ ಸುರಿಯುತ್ತದೆ. ಅಂಥ ಗಾಳಿ ಒಂದೂವರೆ ದಿನ ಬಿಡಲಿಲ್ಲ. ನಾವಿರುವ, ಬಫಲೋ ಪಕ್ಕದ ಚೀಕ್ಟವಾಗದಲ್ಲೇ ವಿಮಾನ ನಿಲ್ದಾಣವಿದೆ. ಐದು ದಿನದಲ್ಲಿ ಅಲ್ಲಿ ಬಿದ್ದ ಹಿಮ ಸುಮಾರು 52 ಇಂಚು.

ಅಂದು ಚರಗ ಚೆಲ್ಲಲಾಗಲಿಲ್ಲ. ಹಿಂಬಾಗಿಲನ್ನು ಗೇಣುದ್ದ ತೆರೆಯುವುದರೊಳಗೆ ಗಾಳಿ ಅದನ್ನು ಕಿತ್ತುಕೊಳ್ಳುವಂತೆ ಎಳೆಯಿತು, ಯಜಮಾನರು ಮೈಭಾರ ಹಾಕಿ ಮುಚ್ಚಿದರು. ಅಡುಗೆಮನೆಯ ಮೂಲೆಯಲ್ಲಿ ಐದು ಬೆಣಚುಕಲ್ಲಿಟ್ಟು ಪೂಜೆ ಮಾಡಿದೆ. ಎಡೆಯನ್ನು ಬಟ್ಟೆ ಮುಚ್ಚಿ ಎತ್ತಿಟ್ಟೆ.

ಶನಿವಾರ ಸಂಜೆ ಕರೆಂಟು ಹೋಯಿತು. ಇಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಉರಿಯುವುದು ಗ್ಯಾಸಿನಿಂದ, ಆದರೆ ಬಿಸಿಗಾಳಿ ತಳ್ಳುವ ಫ್ಯಾನಿಗೆ ಕರೆಂಟು ಬೇಕು. ಮನೆ ತಣ್ಣಗಾಗುತ್ತಾ ಹೋಯಿತು. ನೀರಿನ ಪೈಪು ಒಡೆಯದಿರಲೆಂದು ನಲ್ಲಿಗಳನ್ನು ಸಣ್ಣಗೆ ಬಿಟ್ಟೆವು. ಒಂದೇ ಕೋಣೆಯಲ್ಲಿ ಕೌದಿಗಳನ್ನೆಲ್ಲ ರಾಶಿ ಹಾಕಿ ಮೂವರೂ ಕೂತೆವು. ಒಲೆಗೆ ಕಡ್ಡಿ ಗೀರಿ ಹಚ್ಚಬಹುದಿತ್ತು, ಅಷ್ಟೇ ಸಮಾಧಾನ. ಆದರೆ ಕೋಣೆ ಬೆಚ್ಚಗಾಗಲೆಂದು ಒಲೆ ಉರಿಸಿ ಮಲಗುವ ಹಾಗಿಲ್ಲ, ವಿಷಗಾಳಿ ತುಂಬಿಕೊಳ್ಳುತ್ತದೆ. ಅಂಬಲಿ ಕಾಯಿಸಿಕೊಂಡು ಕೂಡಲೇ ಆರಿಸುತ್ತಿದ್ದೆ.

ಕಟಕ ರೊಟ್ಟಿಯ ಬೆಲೆ ನನಗೆ ತಿಳಿದದ್ದು ಆ ರಾತ್ರಿ. ಬೆಂಕಿ ಬೇಡ, ಫ್ರಿಜ್ ಬೇಡ, ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಬುತ್ತಿ ಕಟ್ಟಿಕೊಂಡು ದೂರದ ಹೊಲಕ್ಕೆ ಹೋಗುವವರು, ಸುಗ್ಗಿಯಲ್ಲಿ ಕಣದಲ್ಲೇ ಮಲಗುವವರು ಕಂಡುಕೊಂಡ ಅನ್ನ ಅದು. ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ಮೋಂಬತ್ತಿಯ ಬೆಳಕಿನಲ್ಲಿ ಮುರಿದು ಮುರಿದು ತಿಂದೆವು. ಬರ್ಗರ್ ಬಿಟ್ಟು ಬೇರೆ ಕೇಳದ ನಮ್ಮ ಆರು ವರ್ಷದ ಮಗ ಎರಡು ರೊಟ್ಟಿ ತಿಂದ.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಗಾಳಿ ಇಳಿದಿತ್ತು. ಯಜಮಾನರು ಹಿಮ ಮುಚ್ಚಿದ್ದ ಫರ್ನೇಸಿನ ಹೊಗೆಕೊಳವೆಯ ಬಾಯಿ ಬಿಡಿಸಿ, ಪಕ್ಕದ ಮನೆಯ ಅಜ್ಜ ಅಜ್ಜಿಯ ಬಾಗಿಲಿನವರೆಗೆ ದಾರಿ ತೋಡಿದರು. ನಲವತ್ತು ಅಡಿ ದಾರಿಗೆ ಒಂದು ತಾಸು ಹಿಡಿಯಿತು. ಅವರ ಮೊಮ್ಮಕ್ಕಳು ಬರಲಾಗಿರಲಿಲ್ಲ, ಕೋಳಿ ಒವನ್‌ಗೆ ಹೋಗದೆ ಹಾಗೇ ಉಳಿದಿತ್ತು. ಇಬ್ಬರನ್ನೂ ನಮ್ಮ ಮನೆಗೆ ಕರೆತಂದೆವು. ಬಿಸಿ ಅಂಬಲಿಯ ಲೋಟವನ್ನು ಅಜ್ಜಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಡಿಯದೆ ಕೂತಿದ್ದರು. ಅಜ್ಜ 1977ರ ಜನವರಿಯ ಹಿಮಗಾಳಿಯ ಕತೆ ಹೇಳಿದರು. ಆಗ ಈ ಭಾಗದಲ್ಲಿ 29 ಜನ ತೀರಿಹೋಗಿದ್ದರು. ಇದು ಅದಕ್ಕಿಂತ ದೊಡ್ಡದೆಂದು ಆ ಹೊತ್ತಿಗೆ ನಮಗ್ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಲೆಕ್ಕ 47ಕ್ಕೆ ನಿಂತಿತು. ಕಾರಿನಲ್ಲಿ ಸಿಕ್ಕಿಕೊಂಡವರು, ಬೀದಿಯಲ್ಲಿ ಬಿದ್ದವರು, ಬಿಸಿಯಿಲ್ಲದ ಮನೆಯಲ್ಲಿ ಕೂತಲ್ಲೇ ಹೋದವರು. ಅಂಬ್ಯುಲೆನ್ಸುಗಳೇ ಹಿಮದಲ್ಲಿ ಹೂತಿದ್ದವು. ಆ ಸುದ್ದಿ ಓದಿದಾಗ ನಮ್ಮ ನಲವತ್ತು ಅಡಿ ದಾರಿ ನೆನಪಾಗಿ ಗಂಟಲು ಕಟ್ಟಿತು.

ಸಂಜೆ ಕರೆಂಟು ಬಂತು. ಮರುದಿನ ಎತ್ತಿಟ್ಟ ಎಡೆಯನ್ನು ನೋಡುತ್ತಾ ಮಗ ಕೇಳಿದ, "ಅವ್ವಾ, ಭೂಮಿತಾಯಿ ಇನ್ನೂ ಉಂಡಿಲ್ಲೇನು?"

ಹಿಮದ ಮೇಲೆ ಚೆಲ್ಲಲು ನನಗೆ ಮನಸ್ಸಾಗಲಿಲ್ಲ. ಚರಗ ಮಣ್ಣಿಗೆ ಮುಟ್ಟಬೇಕು. ಯಜಮಾನರು ಬೇಲಿಯ ಬದಿ ಗುದ್ದಲಿ ಹಿಡಿದು ಎದೆಯುದ್ದ ತೋಡಿದರು. ತಳದಲ್ಲಿ ಹುಲ್ಲು ಇನ್ನೂ ಹಸಿರಾಗಿತ್ತು. ಕೈಯಿಟ್ಟರೆ ಮಣ್ಣು ಮೇಲಿನ ಗಾಳಿಯಷ್ಟು ತಣ್ಣಗಿರಲಿಲ್ಲ. ಇಲ್ಲಿನ ರೈತರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗೋದಿ ಬಿತ್ತುತ್ತಾರೆ. ಎಳೆಯ ಸಸಿಯನ್ನು ಚಳಿಗಾಲದುದ್ದಕ್ಕೂ ಕಾಯುವುದು ಈ ಹಿಮದ ಹೊದಿಕೆಯೇ. ನಮ್ಮ ಹಿಂಗಾರಿ ಜೋಳವೂ ಅದೇ ಹೊತ್ತಿಗೆ ಬಿತ್ತಿದ್ದು. ಅದನ್ನು ಕಾಯುವುದು ಎರೆಮಣ್ಣು ಹಿಡಿದಿಟ್ಟುಕೊಂಡ ಹಸಿ. ಮಗ ರೊಟ್ಟಿ ಚೂರು, ಭಜ್ಜಿ ಕುಣಿಯೊಳಗೆ ಹಾಕಿ ಗಂಟಲು ಹರಿಯುವಂತೆ "ಹುಲ್ಲುಲ್ಲಿಗೋ" ಅಂದ. ತಂಬಿಗೆ ಹಿಡಿದ ನಾನು "ಚಳ್ಳಂಬ್ರಿಗೋ" ಅಂದೆ.

ರಾತ್ರಿ ಊರಿಗೆ ಫೋನ್ ಮಾಡಿದೆ. ಅವ್ವ ಎಲ್ಲ ಕೇಳಿಸಿಕೊಂಡು, "ಮಣ್ಣ ಎಂಥಾದ್ದವ್ವ ಅಲ್ಲಿದು? ಕರೀದೋ ಕೆಂಪೋ?" ಅಂದಳು.

ಎಂಟು ವರ್ಷವಾಗಿತ್ತು ಆ ಮನೆಗೆ ಬಂದು. ಅಂದೇ ನೋಡಿದ್ದು.

"ಕಂದು ಬಣ್ಣದ್ದವ್ವ. ಜಿಗಟ ಅದ, ಕೈಗೆ ಹತ್ತತದ."

"ಹಂಗಾರ ಗೋದಿ ಚಲೋ ಬರ್ತದ ಬಿಡು," ಅಂದಳು.