ಅಡುಗೆಮನೆಯ ಹೊಸ್ತಿಲು

ಹೋದ ವರ್ಷ ಮಳೆ ಬಿಟ್ಟ ಮೇಲೆ ಬೆಂಗಳೂರಿನ ಗೆಳೆಯನೊಬ್ಬ ಶಿವಮೊಗ್ಗಕ್ಕೆ ವಿಮಾನದಲ್ಲಿ ಬಂದ. 2023ರಲ್ಲಿ ಶುರುವಾದ ಆ ನಿಲ್ದಾಣಕ್ಕೆ ಕುವೆಂಪು ಹೆಸರು. ಪೇಟೆಯೊಳಗೆ ಕುವೆಂಪು ರಂಗಮಂದಿರ. ಅವನ ತಂಗಿ ಓದಿದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ. "ನಿಮ್ಮ ಜಿಲ್ಲೆಯೇ ಅವರದ್ದು ಬಿಡೋ" ಎಂದ. ಖುಷಿಯಾಯಿತು. ತೀರ್ಥಹಳ್ಳಿ ಕಡೆಯವನು ಅಂದರೆ ಸಾಕು, "ಓ, ಕುವೆಂಪು ಊರಿನವರಾ!" ಎಂದು ಕೂರಿಸಿ ಮಾತಾಡಿಸುತ್ತಾರೆ. ನಮ್ಮ ಪಾಲಿಗೆ ಅದು ಸಣ್ಣ ಮಾತಲ್ಲ.

ಮರುದಿನ ಕುಪ್ಪಳಿಗೆ ಹೊರಟೆವು. ಎಪ್ಪತ್ತು ದಾಟಿದ ಅಮ್ಮನೂ ಬಂದಳು. ಅವಳಿಗೆ ಅದು ಮೊದಲ ಸಲ.

ಗೆಳೆಯನಿಗೆ ಕವಿಶೈಲದ ಅವಸರ. ಬ್ಯಾನರುಗಳಲ್ಲಿ ನೋಡಿದ್ದನಲ್ಲ, ಬೆಳ್ಳಿಗೂದಲಿನ ಕವಿ, ಹಿಂದೆ ಮಂಜು, ಬೆಟ್ಟ. ಮೊದಲು ಮನೆ ನೋಡೋಣ ಅಂದೆ. ಮೂರಂತಸ್ತಿನ ತೊಟ್ಟಿ ಮನೆ. ಅಮ್ಮ ಒಂದೊಂದೇ ಕಂಬ ಮುಟ್ಟುತ್ತಾ ನಡೆದಳು. ಅಡುಗೆಮನೆಯ ಹೊಸ್ತಿಲಿಗೆ ಬಂದವಳು ನಿಂತೇಬಿಟ್ಟಳು. ಚಪ್ಪಲಿ ಹೊರಗೇ ಬಿಟ್ಟಿದ್ದಳು. ಆದರೂ ಸೀರೆಯ ಅಂಚಿಗೆ ಪಾದ ಒರೆಸಿಕೊಂಡಳು.

"ಹೋಗ್ಬಹುದಾ ಮಗಾ?"

ನಮ್ಮಜ್ಜಿ ಇಂಥದ್ದೇ ಬೇರೊಂದು ದೊಡ್ಡಮನೆಯಲ್ಲಿ ಸೊಪ್ಪು, ಗೊಬ್ಬರ ಹೊತ್ತವಳು. ಸಂಜೆ ಹಿಂದಿನ ಅಂಗಳದಲ್ಲಿ ನಿಂತು ಸೆರಗಿಗೆ ಭತ್ತ ಹಾಕಿಸಿಕೊಂಡು ಬರುತ್ತಿದ್ದಳಂತೆ. ಜಗಲಿ ಹತ್ತಿದ್ದೇ ಇಲ್ಲ. ಜೊತೆಗೆ ಹೋಗುತ್ತಿದ್ದ ಅಮ್ಮನಿಗೂ ಅಂಗಳವೇ ಗಡಿ.

"ಹೋಗಮ್ಮ" ಅಂದೆ. ಒಳಗೆ ಹೋಗಿ ಸುತ್ತ ನೋಡಿದಳು. ಒಲೆ, ಪಾತ್ರೆ, ಹೊಗೆ ಹೋಗುವ ದಾರಿ. "ಒಳಗೆ ಹಿಂಗಿರ್ತದಾ!" ಅಂದಳು, ಅಷ್ಟೇ. ನನಗೆ ಗಂಟಲು ಕಟ್ಟಿತು.

ಆಮೇಲೆ ಗುಡ್ಡ ಹತ್ತಿದೆವು. ಸಮಾಧಿಯ ಹತ್ತಿರ ಗೆಳೆಯ ಕೈಮುಗಿದ. ಅಲ್ಲಿಂದ ಕಾಣುವ ಕಾಡು ಚಂದವೇ. ಆದರೆ ಮಂಜು, ಬೆಟ್ಟ ಮಾತ್ರ ಕಂಡರೆ ಕುವೆಂಪುವನ್ನು ಅರ್ಧ ಓದಿದ ಹಾಗೆ. 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ಅಷ್ಟು ದೊಡ್ಡ ಕಾದಂಬರಿ ಶುರುವಾಗುವುದು ಯಾವ ಹೆಗ್ಗಡೆಯಿಂದಲೂ ಅಲ್ಲ, ಗುತ್ತಿ ಎಂಬ ಜೀತದಾಳಿನಿಂದ, ಅವನ ನಾಯಿಯಿಂದ. ಬ್ಯಾನರಿನಲ್ಲಿ ಗುತ್ತಿಗೂ ಜಾಗ ಬೇಕು. ಅವನನ್ನು ಬಿಟ್ಟು ಮಲೆನಾಡು ಯಾವುದು?

ಅಮ್ಮನಿಗೆ ಓದಲು ಬರುವುದಿಲ್ಲ. ಅವತ್ತು ರಾತ್ರಿ ಊಟ ಮುಗಿಸಿ ಮೊದಲ ಪುಟಗಳನ್ನು ನಾನೇ ಓದಿ ಹೇಳಿದೆ. ಅಡಿಕೆ ಕತ್ತರಿಸುತ್ತಾ ಕೇಳುತ್ತಿದ್ದಳು. ನಡುವೆ ತಡೆದಳು.

"ನಾಯಿಗೂ ಹೆಸರಿಟ್ಟಿದ್ದಾರಾ?"

"ಹೂಂ. ಹುಲಿಯ."

ಅಡಿಕೆ ಹೋಳನ್ನು ಬಾಯಿಗೆ ಹಾಕಿಕೊಂಡಳು. "ಸರಿ, ಮುಂದೆ ಓದು."